ಚನ್ನರಾಯಪಟ್ಟಣಕ್ಕೆ ನಿಂತ ನಡಿಗೆ

ಶಿವರಾತ್ರಿಗೆ ಧರ್ಮಸ್ಥಳದ ಮಂಜುನಾಥನ ಸನ್ನಿಧಿ ಮುಟ್ಟಬೇಕೆಂದು ಬೆಂಗಳೂರಿನಿಂದ ನಡೆದು ಹೊರಟವರಿಗೆ ಸುಮಾರು 300 ಕಿಲೋಮೀಟರ್ ದಾರಿ. ನಮ್ಮ ತಣಿಸಂದ್ರದವರು ಹೆಬ್ಬಾಳ, ಯಶವಂತಪುರ ದಾಟಿ ನೆಲಮಂಗಲ ಹಿಡಿಯುತ್ತಾರೆ. ಕುಣಿಗಲ್, ಯಡಿಯೂರಿನವರೆಗೆ ಹುರುಪೇ ನಡೆಸುತ್ತದೆ. ಆಮೇಲೆ ಕಾಲೇ ನಡೆಸಬೇಕು.

ನಮ್ಮ ಬೀದಿಯ ತಂಡದ ಹಿರಿಯರೊಬ್ಬರು ಈ ಸಲ ಚನ್ನರಾಯಪಟ್ಟಣದಲ್ಲೇ ನಿಂತರು. ಮಂಡಿಯ ಹೊರಮಗ್ಗುಲಲ್ಲಿ ನೋವು. "ಹರಕೆ ಕಣಪ್ಪ, ಅರ್ಧಕ್ಕೆ ಬಿಡೋದು ಹೆಂಗೆ?" ಅಂತ ಅವರ ಸಂಕಟ. "ಬಸ್ಸಲ್ಲಿ ಹೋದರೂ ಮಂಜುನಾಥ ಬಾಗಿಲು ಹಾಕಲ್ಲ, ಅಣ್ಣ" ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು ಅದು.

ಅವರ ಮಂಡಿನೋವಿಗೆ ಕಾರಣ ವಯಸ್ಸೊಂದೇ ಅಲ್ಲ. ನೀರು ಹರಿದು ಹೋಗಲೆಂದು ಡಾಂಬರು ರಸ್ತೆಯನ್ನು ಅಂಚಿಗೆ ವಾಲಿಸಿರುತ್ತಾರೆ. ದಿನಗಟ್ಟಲೆ ಒಂದೇ ಅಂಚಿನಲ್ಲಿ ನಡೆದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಅಂಗಾಂಶದ ಪಟ್ಟಿ ಕೆರಳುತ್ತದೆ. ಅಂಗಾಲಿನ ಬೊಬ್ಬೆಗೆ ಪಟ್ಟಿ ಕಟ್ಟಿ ನಡೆಯಬಹುದು, ಮೀನಖಂಡ ಹಿಡಿದರೆ ಒಂದು ರಾತ್ರಿ ಮಲಗಿ ಎದ್ದರೆ ಬಿಡುತ್ತದೆ. ಆದರೆ ನಡಿಗೆಯ ರೀತಿಯನ್ನೇ ಬದಲಿಸುವ ನೋವು ಬಂದರೆ ನಿಲ್ಲಲೇಬೇಕು. ಒಂದು ಕಾಲು ಎಳೆದುಕೊಂಡು ನಡೆದವರಿಗೆ ಬೇಗನೇ ಇನ್ನೊಂದೂ ಕೈಕೊಡಬಹುದು. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಚುಕ್ಕೆಯಷ್ಟು ಜಾಗ ಬೆರಳಿಟ್ಟರೆ ನೋಯುತ್ತಿದ್ದು, ಮಲಗಿದಾಗಲೂ ಕಾಡಿದರೆ ಮೂಳೆ ಬಿರುಕು ಬಿಡುತ್ತಿರಬಹುದು. ಮುಲಾಮು ಹಚ್ಚಿ ಮುಂದೆ ಹೋಗುವ ಹೊತ್ತಲ್ಲ ಅದು.

ನಿಲ್ಲುವ ಜಾಗವೂ ಮುಖ್ಯ. ಚನ್ನರಾಯಪಟ್ಟಣ, ಹಾಸನದಲ್ಲಿ ಬಸ್ಸುಂಟು, ಆಸ್ಪತ್ರೆಯುಂಟು. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ತಲುಪಿದರೆ ಮುಂದೆ ಚಾರ್ಮಾಡಿ ಘಾಟಿ. ಇಳಿಜಾರು ತಾನೇ, ಸಲೀಸು ಎನ್ನುತ್ತಾರೆ. ಇಳಿಯುವಾಗಲೇ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕು, ಆ ಹೊಡೆತವೆಲ್ಲ ಮಂಡಿಗೆ. ತಿರುವಿನ ನಡುವೆ ಕೂತುಬಿಟ್ಟರೆ ಜೊತೆಯವರೆಲ್ಲ ಸಿಕ್ಕಿಬೀಳುತ್ತಾರೆ.

ಅರ್ಧಕ್ಕೆ ನಿಲ್ಲುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಅಪಲಾಚಿಯನ್ ಟ್ರೈಲ್ ಎಂಬ 3,500 ಕಿಲೋಮೀಟರ್ ದಾಟುವ ಕಾಲುದಾರಿಯಿದೆ. ಒಂದೇ ಉಸಿರಿಗೆ ಮುಗಿಸಲು ಹೊರಟ ನಾಲ್ವರಲ್ಲಿ ಸುಮಾರು ಒಬ್ಬರಷ್ಟೇ ತುದಿ ಮುಟ್ಟುತ್ತಾರೆ. ಎಷ್ಟೋ ಜನ ಅದನ್ನು ತುಂಡು ತುಂಡಾಗಿ, ಬಿಟ್ಟಲ್ಲಿಂದ ಹಿಡಿದು, ವರ್ಷಗಟ್ಟಲೆ ನಡೆಯುತ್ತಾರೆ. ಆ ಪದ್ಧತಿ ನನಗೆ ತುಂಬ ಇಷ್ಟ.

ನಮ್ಮ ಹಿರಿಯರು ಈಗ ರಾಚೇನಹಳ್ಳಿ ಕೆರೆಯ ಸುತ್ತ ನಿಧಾನಕ್ಕೆ ನಡೆಯುತ್ತಿದ್ದಾರೆ. ಮುಂದಿನ ಶಿವರಾತ್ರಿಗೆ ಚನ್ನರಾಯಪಟ್ಟಣದಿಂದಲೇ ಹೊರಡಿ ಎಂದು ನನ್ನ ಒತ್ತಾಯ. ಹರಕೆ ಹೊತ್ತದ್ದು ಮನೆ ಬಾಗಿಲಿಂದ, ಅಲ್ಲಿಂದಲೇ ನಡೆಯಬೇಕು ಎನ್ನುವುದು ಅವರ ಹಟ. ಮೊದಲು ಮೆಟ್ಟಿಲು ಇಳಿಯುವಾಗ ಮಂಡಿ ನೋಯದಿರಲಿ ಎಂಬುದನ್ನಂತೂ ಇಬ್ಬರೂ ಒಪ್ಪಿದ್ದೇವೆ.