ರಕ್ತದಾಹವೂ ನಿತ್ಯಜೀವವೂ: ‘ಟ್ವೈಲೈಟ್’ ಕಾದಂಬರಿಗಳನ್ನು ಕುರಿತು ಕಕ್ಕಬೆಯ ಕಿರಿಯ ಓದುಗರೊಡನೆ ಒಂದು ವಿಚಾರ

ಕೊಡಗಿನ ಕಕ್ಕಬೆಯ ಕಾಫಿ ತೋಟದ ಮನೆಯೊಂದರಲ್ಲಿ ಬೇಸಿಗೆಯ ರಜೆಯಲ್ಲಿ ನಡೆದ ಪ್ರಾರ್ಥನಾಕೂಟಕ್ಕೆ ನಾವು ಹೋಗಿದ್ದೆವು. ಕೂಟ ಮುಗಿದ ಮೇಲೆ ಆ ಮನೆಯ ತಾಯಿಯೊಬ್ಬರು ನಾಲ್ಕು ದಪ್ಪ ಪುಸ್ತಕಗಳನ್ನು ತಂದು ನಮ್ಮ ಮುಂದಿಟ್ಟು, “ಫಾದರ್, ಇವು ರಕ್ತ ಕುಡಿಯುವ ಪಿಶಾಚಿಗಳ ಪ್ರೇಮಕಥೆಗಳಂತೆ. ಮಗಳು ರಾತ್ರಿಯೆಲ್ಲ ಓದುತ್ತಾಳೆ. ಮನೆಯಲ್ಲಿ ಇಟ್ಟುಕೊಳ್ಳಬಹುದೊ, ಸುಟ್ಟುಬಿಡಲೊ?” ಎಂದು ಕೇಳಿದರು. ಕ್ರೈಸ್ತ ಮನೆಗೆ ಇಂಥವು ತಕ್ಕುದಲ್ಲವೆಂದು ನಾವು ಕೂಡಲೆ ಹೇಳಿದೆವು. ಬಾಗಿಲ ಬಳಿ ನಿಂತಿದ್ದ ಮಗಳು ವಿನಯದಿಂದಲೇ, “ಫಾದರ್, ನೀವು ಓದಿದ್ದೀರಾ?” ಎಂದಳು. ಓದಿರಲಿಲ್ಲ. ಹಾಗೆಂದು ಒಪ್ಪಿಕೊಂಡು, ಪುಸ್ತಕಗಳನ್ನು ಎರವಲು ಪಡೆದು ಗುರುಮಠಕ್ಕೆ ಹಿಂದಿರುಗಿದೆವು. ಮಳೆಗಾಲವಿಡೀ ಅವನ್ನು ಓದಿ, ಪುತ್ತರಿಯ ಹೊತ್ತಿಗೆ ಮತ್ತೆ ಕಕ್ಕಬೆಗೆ ಹೋದೆವು. ಓದದೆ ಕೊಟ್ಟ ತೀರ್ಪಿಗೆ ಪ್ರಾಯಶ್ಚಿತ್ತರೂಪವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸ್ಟೆಫೆನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿಯೂ ‘ನ್ಯೂ ಮೂನ್’ 2006ರಲ್ಲಿಯೂ ‘ಎಕ್ಲಿಪ್ಸ್’ 2007ರಲ್ಲಿಯೂ ‘ಬ್ರೇಕಿಂಗ್ ಡಾನ್’ 2008ರಲ್ಲಿಯೂ ಪ್ರಕಟವಾದವು. ಲೇಖಕಿ ಮಾರ್ಮನ್ ಪಂಥಕ್ಕೆ ಸೇರಿದವರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರಿಗೆ ಬಂದ ಬೆಲ್ಲಾ ಎಂಬ ಹದಿನೇಳರ ಹುಡುಗಿಯೂ, ಅದೇ ವಯಸ್ಸಿನವನಂತೆ ಕಾಣುವ, ಆದರೆ ಸಾವಿಲ್ಲದ ಎಡ್ವರ್ಡ್ ಎಂಬ ರಕ್ತಪಿಶಾಚಿಯೂ ಪರಸ್ಪರ ಒಲಿಯುವುದು ಕಥೆಯ ಎಳೆ. ಮೊದಲ ಪುಸ್ತಕದ ಮುಖಪುಟದಲ್ಲಿ ಎರಡು ಕೈಗಳು ಸೇಬೊಂದನ್ನು ಹಿಡಿದಿವೆ. ಒಳಗೆ, ಕಥೆಗೆ ಮುನ್ನ, ಒಳಿತು ಕೆಡುಕುಗಳ ಅರಿವಿನ ಮರವನ್ನು ಕುರಿತ ಆದಿಕಾಂಡದ ವಚನವಿದೆ. ಹೀಗೆ ದೈವಶಾಸ್ತ್ರದ ಬಾಗಿಲನ್ನು ಪುಸ್ತಕವೇ ತೆರೆದಿಟ್ಟಿದೆ.

ಪುತ್ತರಿಯ ಸಮಯದಲ್ಲಿ ಜಗಲಿಯ ಮೇಲೆ ಏಳೆಂಟು ಮಂದಿ ಕಿರಿಯರು ಸೇರಿದರು. ಮನೆಗಳಲ್ಲಿ ಕೊಂಕಣಿ, ಮಲಯಾಳ, ಕೊಡವ ತಕ್ಕ್ ಆಡುವ ಈ ಮಕ್ಕಳು ಓದುವುದು ಇಂಗ್ಲಿಷಿನಲ್ಲಿ, ವಾದಿಸುವುದು ಕನ್ನಡದಲ್ಲಿ. ವರ್ಷದ ಬಹುಭಾಗ ಮಳೆ ಮೋಡಗಳಲ್ಲಿ ಮುಳುಗಿರುವ ಫೋರ್ಕ್ಸ್ ತಮ್ಮ ತಡಿಯಂಡಮೋಳ್ ಬೆಟ್ಟದ ಅಡಿಯ ಊರಿನಂತೆಯೇ ಇದೆಯೆಂದು ಒಬ್ಬಳು ಹೇಳಿದಳು. ಮದುವೆಯವರೆಗೂ ಎಡ್ವರ್ಡ್ ಸಂಯಮದಿಂದಿರುವುದನ್ನು ಇನ್ನೊಬ್ಬಳು ಮೆಚ್ಚಿದಳು. ಬಿಸಿಲಿನಲ್ಲಿ ವಜ್ರದಂತೆ ಹೊಳೆಯುವ ಪಿಶಾಚಿ ಪಿಶಾಚಿಯೇ ಅಲ್ಲ, ನಿಜವಾದುದು ಡ್ರಾಕುಲಾ ಮಾತ್ರ ಎಂದು ಕಾಲೇಜಿನ ಹುಡುಗನೊಬ್ಬ ನಕ್ಕನು. ನಮಗೆ ಪುಸ್ತಕ ಎರವಲು ಕೊಟ್ಟವಳು ಮಾತ್ರ ಕೊನೆಯಲ್ಲಿ ಕೇಳಿದಳು: “ಕಾರ್ಲೈಲ್ ಡಾಕ್ಟರು ಯಾರನ್ನೂ ಕೊಂದಿಲ್ಲ. ಮನೆಯಲ್ಲಿ ಶಿಲುಬೆ ತೂಗುಹಾಕಿದ್ದಾರೆ. ಅವರಿಗೆ ರಕ್ಷಣೆ ಉಂಟೊ ಇಲ್ಲವೊ, ಫಾದರ್?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು. ಹದಿನಾರರ ವಯಸ್ಸಿನಲ್ಲಿ ಇದನ್ನು ಕೇಳುವವರು ಬಹುಶಃ ಕಥೆಯ ವೈದ್ಯನನ್ನು ಕುರಿತು ಮಾತ್ರವೇ ಕೇಳುತ್ತಿರುವುದಿಲ್ಲ. ನನ್ನೊಳಗೆ ನಾನು ಬಯಸದೆ ಇರುವ ದಾಹವೊಂದಿದ್ದರೆ ದೇವರು ನನ್ನನ್ನು ಸ್ವೀಕರಿಸುವರೆ ಎಂಬ ಭಯ ಅದರ ಹಿಂದೆ ಇರಬಹುದು.

ರೊಟ್ಟಿಯೂ ರಕ್ತವೂ

ಮೊದಲು ಕಾಲೇಜು ಹುಡುಗನ ಡ್ರಾಕುಲಾವನ್ನು ನೋಡೋಣ. ಬ್ರಾಂ ಸ್ಟೋಕರ್ ಅವರ ಕಾದಂಬರಿ ಬಂದದ್ದು 1897ರಲ್ಲಿ. ಸ್ಟೋಕರ್ ಐರ್ಲೆಂಡಿನ ಪ್ರಾಟೆಸ್ಟೆಂಟ್ ಮನೆತನದವರು. ಆದರೂ ಅವರ ಕಥೆಯಲ್ಲಿ ಪಿಶಾಚಿಯನ್ನು ತಡೆಯುವುದು ಶಿಲುಬೆ ಮತ್ತು ಪರಮಪ್ರಸಾದದ ರೊಟ್ಟಿ. ವ್ಯಾನ್ ಹೆಲ್ಸಿಂಗ್ ಎಂಬ ಪ್ರಾಧ್ಯಾಪಕ ಪವಿತ್ರ ರೊಟ್ಟಿಯನ್ನು ಪುಡಿಮಾಡಿ, ಗೋಂದಿನಂಥ ಹಿಟ್ಟಿನೊಡನೆ ಕಲಸಿ, ಸಮಾಧಿಯ ಬಾಗಿಲಿನ ಬಿರುಕುಗಳನ್ನು ಮುಚ್ಚುತ್ತಾನೆ. ಅದಕ್ಕೆ ತನಗೆ ಧರ್ಮಸಭೆಯ ಅನುಮತಿ ಇದೆಯೆಂದೂ ಹೇಳುತ್ತಾನೆ. ಅಂಥ ಅನುಮತಿಯನ್ನು ಯಾವ ಧರ್ಮಾಧ್ಯಕ್ಷರೂ ಕೊಡುವಂತಿಲ್ಲ. ಸಂಸ್ಕಾರವನ್ನು ತಾಯಿತವಾಗಿಸುವ ಈ ಬಗೆ ನಮ್ಮ ಭಕ್ತರಲ್ಲಿಯೂ ಅಲ್ಲಲ್ಲಿ ಕಾಣುವುದರಿಂದ ಕಾದಂಬರಿಯನ್ನಷ್ಟೇ ದೂರಬೇಕಿಲ್ಲ.

ಸ್ಟೋಕರ್ ಒಂದು ವಿಷಯವನ್ನು ಸರಿಯಾಗಿ ಗ್ರಹಿಸಿದ್ದರು. ಡ್ರಾಕುಲಾ ಮೀನಾಳಿಗೆ ತನ್ನ ರಕ್ತವನ್ನು ಬಲವಂತದಿಂದ ಕುಡಿಸುವ ದೃಶ್ಯವು ಬಲಿಪೂಜೆಯ ವಿಕೃತ ಅನುಕರಣೆ. ಯಾಜಕಕಾಂಡದ 17ನೆಯ ಅಧ್ಯಾಯವು ರಕ್ತಪಾನವನ್ನು ನಿಷೇಧಿಸುವುದು ಜೀವವು ರಕ್ತದಲ್ಲಿದೆ, ಜೀವವು ದೇವರದು ಎಂಬ ಕಾರಣದಿಂದ. ಆ ನಿಷೇಧವನ್ನು ಬಲ್ಲವರ ಮುಂದೆಯೇ ಕ್ರಿಸ್ತರು ಯೊವಾನ್ನನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ತಮ್ಮ ರಕ್ತವನ್ನು ಪಾನಮಾಡಬೇಕೆಂದರು. ಕೇಳಿದ ಅನೇಕ ಶಿಷ್ಯರು ಅವರನ್ನು ತೊರೆದರು. ಆದಿ ಕ್ರೈಸ್ತರು ಮನುಷ್ಯರಕ್ತ ಕುಡಿಯುವವರೆಂಬ ಅಪವಾದಕ್ಕೆ ಗುರಿಯಾಗಿದ್ದರೆಂಬುದನ್ನು ತೆರ್ತುಲಿಯನ್ ಮತ್ತು ಮಿನೂಸಿಯುಸ್ ಫೆಲಿಕ್ಸ್ ಅವರ ಬರಹಗಳಿಂದ ಬಲ್ಲೆವು. ಹೀಗಿರುವಾಗ ರಕ್ತದ ಕಥೆ ಕೇಳಿದೊಡನೆ ಬೆಚ್ಚುವುದು ನಮಗೆ ಒಪ್ಪುವ ಮಾತಲ್ಲ. ಯಾರ ರಕ್ತ ಯಾರಿಗಾಗಿ ಎಂದು ನಾವು ಕೇಳಬೇಕು. ಪಿಶಾಚಿ ತಾನು ಬದುಕಲು ಪರರ ರಕ್ತವನ್ನು ಕಸಿಯುತ್ತದೆ. ಕ್ರಿಸ್ತರು ಪರರು ಬದುಕಲು ತಮ್ಮ ರಕ್ತವನ್ನು ಕೊಡುತ್ತಾರೆ.

ಮೇಯರ್ ಅವರ ಕಾದಂಬರಿಗಳಲ್ಲಿ ಈ ಎರಡನೆಯ ರಕ್ತದ ಸುಳಿವಿಲ್ಲ. ರೊಟ್ಟಿಯೂ ಇಲ್ಲ, ಶಿಲುಬೆಗೆ ಹೆದರುವವರೂ ಇಲ್ಲ. ಶಿಲುಬೆ ಪಿಶಾಚಿಗಳ ಮನೆಯ ಗೋಡೆಯನ್ನೇ ಸೇರಿದೆ.

ಶಿಲುಬೆ ತೂಗುವ ಮನೆ

ಕಾರ್ಲೈಲ್ 17ನೆಯ ಶತಮಾನದ ಲಂಡನ್ನಿನ ಆಂಗ್ಲಿಕನ್ ಪಾದ್ರಿಯೊಬ್ಬನ ಮಗ. ಪಿಶಾಚಿಗಳನ್ನೂ ಮಾಟಗಾತಿಯರನ್ನೂ ಬೇಟೆಯಾಡುತ್ತ ನಿರಪರಾಧಿಗಳನ್ನು ಸುಡಿಸಿದ ತಂದೆ ಅವನಿಗಿದ್ದನು. ಮಗ ಅದೇ ಬೇಟೆಯಲ್ಲಿ ಕಚ್ಚಿಸಿಕೊಂಡು ಪಿಶಾಚಿಯಾದನು. ಆದರೂ ಮನುಷ್ಯರಕ್ತವನ್ನು ಮುಟ್ಟದೆ, ಪ್ರಾಣಿಗಳ ರಕ್ತದಿಂದ ಬದುಕಿ, ವೈದ್ಯನಾಗಿ ಜೀವಗಳನ್ನು ಉಳಿಸುತ್ತಾನೆ. ತಂದೆ ಕೆತ್ತಿದ ಮರದ ಶಿಲುಬೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ‘ನ್ಯೂ ಮೂನ್’ನಲ್ಲಿ ಬೆಲ್ಲಾಳ ಗಾಯಕ್ಕೆ ಹೊಲಿಗೆ ಹಾಕುತ್ತ, ತಮ್ಮಂಥವರಿಗೂ ದೇವರಲ್ಲಿ ಏನಾದರೂ ಪಾಲಿರಬಹುದೆಂಬ ನಂಬಿಕೆಯನ್ನು ಹೇಳಿಕೊಳ್ಳುತ್ತಾನೆ. ಎಡ್ವರ್ಡ್ ಮಾತ್ರ ತಾವು ಆತ್ಮವನ್ನೇ ಕಳೆದುಕೊಂಡವರೆಂದು ನಂಬಿ, ಬೆಲ್ಲಾಳನ್ನು ತನ್ನಂತೆ ಮಾಡಲು ಒಪ್ಪುವುದಿಲ್ಲ.

ಹುಡುಗಿಯ ಪ್ರಶ್ನೆಗೆ ಧರ್ಮಸಭೆಯ ಬೋಧನೆಯಲ್ಲಿ ಉತ್ತರದ ಮೊದಲರ್ಧವಿದೆ. ಟ್ರೆಂಟ್ ಮಹಾಸಭೆ 1546ರ ತನ್ನ ಐದನೆಯ ಅಧಿವೇಶನದಲ್ಲಿ, ದೀಕ್ಷಾಸ್ನಾನ ಪಡೆದವರಲ್ಲಿಯೂ ಉಳಿಯುವ ಪಾಪದೆಡೆಗಿನ ಒಲವು ತಾನೇ ಪಾಪವಲ್ಲ, ಅದು ನಮ್ಮ ಹೋರಾಟಕ್ಕಾಗಿ ಉಳಿದಿದೆ ಎಂದು ಬೋಧಿಸಿತು. ದಾಹ ಬೇರೆ, ದಾಹಕ್ಕೆ ಸಮ್ಮತಿಸುವುದು ಬೇರೆ. ಇದನ್ನು ತರಗತಿಯಲ್ಲಿ ಗುರು ಅಭ್ಯರ್ಥಿಗಳಿಗೆ ಎಷ್ಟೋ ವರ್ಷ ವಿವರಿಸಿದ್ದೇವೆ. ಈ ವೈದ್ಯನಷ್ಟು ಸುಲಭವಾಗಿ ಮನಸ್ಸಿಗೆ ಹಿಡಿಯುವ ನಿದರ್ಶನವನ್ನು ನಾವು ಎಂದೂ ಕೊಟ್ಟಿರಲಿಲ್ಲ.

ಉತ್ತರದ ಎರಡನೆಯ ಅರ್ಧ ಕಾದಂಬರಿಗೆ ಅನುಕೂಲವಲ್ಲ. ಕಾರ್ಲೈಲ್ ಗೆಲ್ಲುವುದು ಕೇವಲ ತನ್ನ ಮನೋಬಲದಿಂದ, ಶತಮಾನಗಳ ಅಭ್ಯಾಸದಿಂದ. ಅವನ ಶಿಲುಬೆ ತಂದೆಯ ನೆನಪು. ಅದು ವರಪ್ರಸಾದದ ಬುಗ್ಗೆಯಲ್ಲ. ಪೆಲಾಜಿಯುಸನಿಗೆ ಸಂತ ಅಗುಸ್ತೀನರು ಕೊಟ್ಟ ಉತ್ತರವನ್ನು ಇಲ್ಲಿ ನೆನೆಯಬೇಕು. ಎಡ್ವರ್ಡ್ ಒಂದು ಕಾಲದಲ್ಲಿ ಮನುಷ್ಯರನ್ನು ಕೊಂದವನು. ಕೆಟ್ಟವರನ್ನೇ ಆರಿಸಿ ಕೊಂದೆನೆಂಬ ಸಮಾಧಾನವೂ ಅವನಿಗೆ ಒದಗುವುದಿಲ್ಲ. ನಾಲ್ಕು ಪುಸ್ತಕಗಳಲ್ಲಿ ಅಪರಾಧಪ್ರಜ್ಞೆ ಧಾರಾಳವಾಗಿದೆ, ಕ್ಷಮೆ ಕೇಳುವ ಒಂದು ಸ್ಥಳವೂ ಇಲ್ಲ. ಪಾಪನಿವೇದನೆಯಿಲ್ಲದ ಲೋಕದಲ್ಲಿ ಒಳ್ಳೆಯವರು ಎಷ್ಟು ಒಂಟಿಯಾಗಿರುತ್ತಾರೆಂಬುದನ್ನು ಲೇಖಕಿ, ಪ್ರಾಯಶಃ ತಾವು ಉದ್ದೇಶಿಸದೆಯೇ, ಚೆನ್ನಾಗಿ ತೋರಿಸಿದ್ದಾರೆ.

ಈ ಕನಿಕರದ ಪ್ರಶ್ನೆ ಹೊಸದೂ ಅಲ್ಲ. ಸ್ಟೋಕರ್ ಅವರ ಮೀನಾ ತನ್ನನ್ನು ಕೆಡಿಸಿದ ಡ್ರಾಕುಲಾನ ಬಗೆಗೂ ಮರುಕವಿರಲೆಂದು ಬೇಡುತ್ತಾಳೆ. ಅವನು ಸಾಯುವ ಗಳಿಗೆಯಲ್ಲಿ ಅವನ ಮುಖದ ಮೇಲೆ ಶಾಂತಿ ಮೂಡಿದುದನ್ನು ಕಾಣುತ್ತಾಳೆ.

ಸಂಯಮವೊಂದೇ ಸಾಲದು

ಎಡ್ವರ್ಡನ ಸಂಯಮವನ್ನು ಮೆಚ್ಚಿದವಳ ಮಾತನ್ನು ಅಲ್ಲಗಳೆಯುವಂತಿಲ್ಲ. ಮದುವೆಗೆ ಮೊದಲು ಮೈಮುಟ್ಟಲು ಹಿಂಜರಿಯುವ ನಾಯಕನನ್ನು ಜನಪ್ರಿಯ ಕಥೆಗಳಲ್ಲಿ ಕಾಣುವುದು ಅಪರೂಪ. ಆದರೆ ಅದೇ ನಾಯಕ ರಾತ್ರಿ ಹುಡುಗಿಗೆ ತಿಳಿಯದಂತೆ ಅವಳ ಕೋಣೆಯನ್ನು ಹೊಕ್ಕು ಅವಳು ಮಲಗಿರುವುದನ್ನು ನೋಡುತ್ತ ಕೂರುತ್ತಾನೆ. ಗೆಳೆಯ ಜೇಕಬ್‌ನನ್ನು ಕಾಣಲು ಹೋಗದಿರಲೆಂದು ಅವಳ ವಾಹನದ ಎಂಜಿನ್ನಿನ ಭಾಗವನ್ನು ತೆಗೆದಿಡುತ್ತಾನೆ. ಅವನು ಬಿಟ್ಟುಹೋದಾಗ ಬೆಲ್ಲಾ ತಿಂಗಳುಗಟ್ಟಲೆ ಜೀವವಿಲ್ಲದವಳಂತಾಗಿ, ಕೊನೆಗೆ ಕಡಲ ಬಂಡೆಯಿಂದ ಜಿಗಿಯುತ್ತಾಳೆ. ಅವಳು ಸತ್ತಳೆಂದು ತಿಳಿದ ಅವನು ಇಟಲಿಗೆ ಹೋಗಿ ತನ್ನ ಸಾವನ್ನು ತಾನೇ ಬೇಡುತ್ತಾನೆ. ಇವೆಲ್ಲವೂ ಪ್ರೇಮದ ಆಳವೆಂದೇ ಕಥೆ ಹೇಳುತ್ತದೆ.

ನಮಗೆ ನಿಜವಾದ ಅಪಾಯ ಕಂಡದ್ದು ಇಲ್ಲಿ. ತಾಯಂದಿರು ಹೆದರುವುದು ಪಿಶಾಚಿಗೆ, ಆದರೆ ಮಕ್ಕಳು ಪಿಶಾಚಿಯನ್ನು ನಂಬುವುದಿಲ್ಲ. ಕಾವಲನ್ನು ಪ್ರೀತಿಯೆಂದು ನಂಬುವುದು ಮಾತ್ರ ಸಾಧ್ಯ. ಜಗಲಿಯಲ್ಲಿ ಇದನ್ನು ಹೇಳಿದಾಗ ಒಬ್ಬಳು, “ನಮ್ಮ ಬಸ್ಸಿನಲ್ಲಿ ಬರುವ ಹುಡುಗ ಹೀಗೆ ಮಾಡಿದರೆ ಮನೆಯಲ್ಲಿ ಹೇಳುತ್ತೇವೆ. ಪುಸ್ತಕದಲ್ಲಿ ಮಾಡಿದರೆ ಎರಡು ಸಲ ಓದುತ್ತೇವೆ” ಎಂದಳು. ಎಲ್ಲರೂ ನಕ್ಕರು. ವಿವಾಹಪೂರ್ವ ತರಬೇತಿಗೆ ಬರುವ ಜೋಡಿಗಳಲ್ಲಿ, ಅವನು ಫೋನು ನೋಡುತ್ತಾನೆ, ಗೆಳತಿಯರೊಡನೆ ಹೋಗಲು ಬಿಡುವುದಿಲ್ಲ, ಅಷ್ಟು ಪ್ರೀತಿ ಎಂದು ಹೆಮ್ಮೆಯಿಂದ ಹೇಳಿದವರನ್ನು ಬಲ್ಲ ನಮಗೆ ನಗು ಬರಲಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ‘ಗೌದಿಯುಂ ಎತ್ ಸ್ಪೆಸ್’ ಸಂವಿಧಾನದ 24ನೆಯ ಪರಿಚ್ಛೇದದಲ್ಲಿ, ಮನುಷ್ಯನು ತನ್ನನ್ನು ಪ್ರಾಮಾಣಿಕವಾಗಿ ದಾನಮಾಡಿಕೊಳ್ಳುವುದರಲ್ಲಿಯೇ ತನ್ನನ್ನು ಪೂರ್ಣವಾಗಿ ಕಂಡುಕೊಳ್ಳುತ್ತಾನೆಂದು ಹೇಳಿತು. ದೇಹವನ್ನು ಮುಟ್ಟದೆಯೂ ಮತ್ತೊಬ್ಬರ ಸ್ವಾತಂತ್ರ್ಯವನ್ನು ಹೀರಬಹುದು. ನ್ಯಾಯಕ್ಕಾಗಿ ಒಂದು ಮಾತು: ‘ಎಕ್ಲಿಪ್ಸ್’ನಲ್ಲಿಯೇ ಎಡ್ವರ್ಡ್ ತನ್ನ ತಪ್ಪನ್ನು ಒಪ್ಪಿಕೊಂಡು ಬೆಲ್ಲಾಳ ಆಯ್ಕೆಯನ್ನು ನಂಬಲು ಕಲಿಯುತ್ತಾನೆ. ಓದುಗರು ಆ ಪುಟಗಳನ್ನು ನೆನಪಿಟ್ಟುಕೊಳ್ಳುವುದು ಕಡಿಮೆ.

ಕೊನೆಯಿಲ್ಲದ ಬಾಳು

ಕೊನೆಯ ಕಾದಂಬರಿಯಲ್ಲಿ ಬೆಲ್ಲಾ ತನ್ನ ಪ್ರಾಣಕ್ಕೆ ಅಪಾಯವಿದ್ದರೂ ಗರ್ಭದಲ್ಲಿರುವ ಮಗುವನ್ನು ಕೈಬಿಡದೆ ಹೆರುತ್ತಾಳೆ. ಇದು ಗೌರವಕ್ಕೆ ಅರ್ಹವಾದ ಭಾಗ. ಅನಂತರ ಅವಳೂ ಪಿಶಾಚಿಯಾಗುತ್ತಾಳೆ. ಯೌವನ, ಚೆಲುವು, ಬಲ, ಗಂಡ, ಮಗಳು, ಕೊನೆಗೆ ತಂದೆ ಕೂಡ ಅವಳಿಗೆ ಉಳಿಯುತ್ತಾರೆ. ಮೂರು ಪುಸ್ತಕಗಳ ಉದ್ದಕ್ಕೂ ಎಡ್ವರ್ಡ್ ಹೆದರಿದ ಆತ್ಮನಾಶದ ಪ್ರಶ್ನೆ ಉತ್ತರವಿಲ್ಲದೆ ಕರಗಿಹೋಗುತ್ತದೆ. ಕಲೆಯ ದೃಷ್ಟಿಯಿಂದಲೂ ಇದೇ ಈ ಕೃತಿಯ ದೊಡ್ಡ ದೋಷ. ಕೇಳಿದ ಪ್ರಶ್ನೆಯನ್ನು ಕಥೆ ಸುಖಾಂತಕ್ಕಾಗಿ ಮರೆತುಬಿಡುತ್ತದೆ.

‘ಎಕ್ಲಿಪ್ಸ್’ ಮತ್ತು ‘ಬ್ರೇಕಿಂಗ್ ಡಾನ್’ಗಳ ನಡುವೆ, 2007ರ ನವೆಂಬರ್ 30ರಂದು, ಜಗದ್ಗುರು 16ನೆಯ ಬೆನೆಡಿಕ್ಟರ ‘ಸ್ಪೆ ಸಾಲ್ವಿ’ ವಿಶ್ವಪತ್ರ ಹೊರಟಿತು. ಸಾವಿಲ್ಲದೆ ಈ ಬಾಳು ಹೀಗೆಯೇ ಮುಂದುವರಿಯುವುದು ವರಕ್ಕಿಂತ ಶಾಪವಾದೀತೆಂದೂ, ನಿತ್ಯಜೀವವೆಂದರೆ ದಿನಗಳ ಮುಗಿಯದ ಸಾಲಲ್ಲ, ಅನಂತ ಪ್ರೀತಿಯ ಕಡಲಲ್ಲಿ ಮುಳುಗುವ ಗಳಿಗೆಯೆಂದೂ ಅವರು ಅಲ್ಲಿ ವಿವರಿಸಿದರು. ನಾವು ಇದನ್ನು ಹೇಳಿದಾಗ ಕಾಲೇಜು ಹುಡುಗ, “ಎಡ್ವರ್ಡ್ ನೂರು ವರ್ಷ ಹೈಸ್ಕೂಲಿಗೆ ಹೋಗಬೇಕು ಫಾದರ್, ಅದು ಶಾಪವೇ” ಎಂದನು. ಪುನರುತ್ಥಾನದ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಪೀಠಿಕೆ ನಮ್ಮಲ್ಲಿರಲಿಲ್ಲ. ಪುನರುತ್ಥಾನಕ್ಕೆ ಸಾವು ಬೇಕು. ಮಣ್ಣಿಗೆ ಬೀಳುವ ಕಾಳು ಬೇಕು.

ಜೇನುಗಾರರ ಊರಿನಲ್ಲಿ

ನಾಲ್ಕನೆಯ ಶತಮಾನದಲ್ಲಿ ಸಂತ ಬೆಸಿಲರು ಅನ್ಯಧರ್ಮೀಯ ಗ್ರೀಕ್ ಸಾಹಿತ್ಯವನ್ನು ಹೇಗೆ ಓದಬೇಕೆಂದು ಯುವಕರಿಗೆ ಬರೆದಾಗ ಜೇನುನೊಣವನ್ನು ನಿದರ್ಶನವಾಗಿ ಕೊಟ್ಟರು. ಅದು ಎಲ್ಲ ಹೂಗಳಿಗೂ ಹೋಗುವುದಿಲ್ಲ, ಹೋದ ಹೂವನ್ನು ಇಡಿಯಾಗಿ ಹೊತ್ತು ತರುವುದೂ ಇಲ್ಲ. ಜೇನಿಗೆ ಹೆಸರಾದ ಕಕ್ಕಬೆಯಲ್ಲಿ ಈ ಮಾತಿಗೆ ವಿವರಣೆ ಬೇಕಾಗಲಿಲ್ಲ. ಆದರೆ ಹಿರಿಯರೊಬ್ಬರು ಅದಕ್ಕೆ ಸೇರಿಸಿದ ಮಾತು ಬೆಸಿಲರಲ್ಲಿ ಇಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಹಾಳುಗೆಡವಿದಾಗ ಸತ್ತದ್ದು ಗೂಡಿನ ಮರಿಗಳು. ಆದ್ದರಿಂದ ಹೂವನ್ನು ಆರಿಸುವ ಬುದ್ಧಿ ನೊಣಕ್ಕೆ ಇದ್ದರೂ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ಬೇಕು ಎಂದರು.

ಧರ್ಮಸಭೆ ನಿಷಿದ್ಧ ಗ್ರಂಥಗಳ ಪಟ್ಟಿಯನ್ನು 1966ರಲ್ಲಿಯೇ ಕೈಬಿಟ್ಟಿತು. ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರ ಪತ್ರದಲ್ಲಿ ಕಾದಂಬರಿ ಮತ್ತು ಕವಿತೆಗಳ ಓದು ಗುರುಗಳ ರೂಪಣೆಗೂ ಎಲ್ಲ ಕ್ರೈಸ್ತರಿಗೂ ಅಗತ್ಯವೆಂದರು. ಪಟ್ಟಿ ಹೋದರೂ ಓದದೆ ತೀರ್ಪು ಕೊಡುವ ಚಾಳಿ ನಮ್ಮಲ್ಲಿ ಉಳಿದಿತ್ತು. ಇಂದಿನ ತಾಯಂದಿರ ಹರೆಯದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದಿತ್ತು, 1985ರಲ್ಲಿ ಚಲನಚಿತ್ರವೂ ಆಗಿತ್ತು. ಪುಟ್ಟ ಹುಡುಗಿಯ ಮೇಲೆ ನಡೆಯುವ ಮಾಟದ ಆ ಕಥೆಯನ್ನು ತಾವು ಹೊದಿಕೆಯೊಳಗೆ ಓದಿದ್ದೆವೆಂದು ಅದೇ ತಾಯಿ ಮೆಲ್ಲಗೆ ಒಪ್ಪಿಕೊಂಡರು. ಆಗ ಅವರೊಡನೆ ಅದನ್ನು ಓದಿ ಮಾತನಾಡಿದ ಹಿರಿಯರು ಯಾರೂ ಇರಲಿಲ್ಲ.

ಪುಸ್ತಕಗಳನ್ನು ಸುಡಬೇಡಿ, ಮಗಳೊಡನೆ ಓದಿರಿ ಎಂದು ಅವರಿಗೆ ನಾವು ಹೇಳಿದೆವು. ಮಗಳಿಗೆ, ಕಾರ್ಲೈಲ್ ಕಲ್ಪನೆಯ ವ್ಯಕ್ತಿಯಾದುದರಿಂದ ಅವನ ರಕ್ಷಣೆಯನ್ನು ನಿರ್ಣಯಿಸುವ ಹೊಣೆ ನಮಗಿಲ್ಲ, ಆದರೆ ತನ್ನೊಳಗಿನ ದಾಹಕ್ಕೆ ಅಂಜಿ ದೇವರ ಬಳಿಗೆ ಬರುವ ನಿಜವಾದ ಮನುಷ್ಯರಾರನ್ನೂ ಕ್ರಿಸ್ತರು ಹಿಂದಕ್ಕೆ ಕಳುಹಿಸುವುದಿಲ್ಲ ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯಾಡಿಸಿ ಒಳಗೆ ಹೋದಳು. ತಾಯಿ ಈಗ ಮೊದಲ ಪುಸ್ತಕವನ್ನು ಮುಗಿಸಿದ್ದಾರೆಂದೂ, ಮಗಳ ಕೋಣೆಯಲ್ಲಿ ರಾತ್ರಿ ಯಾರಿರುತ್ತಾರೆಂದು ತಿಳಿಯದೆ ಕೆಳಗೆ ಟಿ.ವಿ. ನೋಡುತ್ತ ಕುಳಿತಿರುವ ಬೆಲ್ಲಾಳ ತಂದೆಯ ಮೇಲೆ ಅವರಿಗೆ ಬಹಳ ಕನಿಕರವೆಂದೂ ನಮಗೆ ತಿಳಿದುಬಂದಿದೆ.