ಹಡಗಿನ ಅರ್ಥ ಹಡಗಿನಲ್ಲಷ್ಟೇ ಇಲ್ಲ

ಕಡಲ ಚಿತ್ರದಲ್ಲಿ ಹಡಗು ಕಂಡರೆ ಸಾಕು, ‘ಬಾಳಿನ ಪಯಣ’ ಎಂದು ಅರ್ಥ ಹೇಳಿ ಮುಂದೆ ಸಾಗುವ ರೂಢಿ ನಮ್ಮಲ್ಲಿ ಬಲವಾಗಿದೆ. ಜರ್ಮನ್ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಖ್‌ನ (1774–1840) ಚಿತ್ರಗಳಿಗೆ ಈ ರೂಢಿಯಿಂದ ಆದ ನಷ್ಟ ದೊಡ್ಡದು. 1835ರ ಸುಮಾರಿಗೆ ಆತ ರಚಿಸಿದ, ಈಗ ಲೈಪ್‌ಜಿಗ್‌ನಲ್ಲಿರುವ ‘ಬಾಳಿನ ಹಂತಗಳು’ ಚಿತ್ರದಲ್ಲಿ ದಡದ ಮೇಲೆ ಐವರು, ನೀರಿನ ಮೇಲೆ ಐದು ನೌಕೆಗಳು. ತಲೆಗೊಂದರಂತೆ ಹಂಚಿದರೆ ಲೆಕ್ಕವೇನೋ ಸರಿಹೋಗುತ್ತದೆ, ಚಿತ್ರ ಕೈತಪ್ಪುತ್ತದೆ. ನಡುವಿನ ದೊಡ್ಡ ಹಡಗು ದಡಕ್ಕೆ ಮರಳುತ್ತಿದೆ ಎಂದುಕೊಂಡರೆ, ನಮಗೆ ಬೆನ್ನು ಮಾಡಿರುವ ಮುದುಕನದು ಅದೇ ಆಗುತ್ತದೆ. ನೌಕೆಗಳೆಲ್ಲ ಹೊರಟಿವೆ ಎಂದುಕೊಂಡರೆ ದಿಗಂತದಲ್ಲಿ ಮಸುಕಾದದ್ದು ಅವನದಾಗುತ್ತದೆ. ಹೀಗೆ ಒಂದೇ ಸೂತ್ರ ಎರಡು ವಿರುದ್ಧ ಉತ್ತರಗಳನ್ನು ಕೊಡುತ್ತದೆ. ಚಿತ್ರದ ಹೆಸರೂ ಕಲಾವಿದ ಇಟ್ಟದ್ದಲ್ಲ. ಮಕ್ಕಳ ಕೈಯಲ್ಲಿರುವುದು ಸ್ವೀಡನ್ನಿನ ಬಾವುಟ. ಆತನ ಹುಟ್ಟೂರು ಗ್ರೈಫ್ಸ್‌ವಾಲ್ಡ್ 1815ರವರೆಗೆ ಆ ದೇಶದ ಆಳ್ವಿಕೆಯಲ್ಲಿತ್ತು. ಎಲ್ಲ ಕಾಲಕ್ಕೂ ಸಲ್ಲುವ ರೂಪಕದಲ್ಲಿ ಈ ಬಾವುಟಕ್ಕೆ ಜಾಗವೆಲ್ಲಿ?

ಹಡಗಿಗೆ ಅರ್ಥ ಬರುವುದು ಅದು ದಡದಿಂದ ಎಷ್ಟು ದೂರವಿದೆ, ದಿಗಂತವನ್ನು ಎಲ್ಲಿ ಮುಟ್ಟುತ್ತದೆ, ದಡದಲ್ಲಿರುವವರು ಅದನ್ನು ಹೇಗೆ ನೋಡುತ್ತಾರೆ ಎಂಬುದರಿಂದ. ಇದಕ್ಕೆ ಗಟ್ಟಿ ಸಾಕ್ಷಿ 1808–10ರ ‘ಕಡಲ ತಡಿಯ ಸನ್ಯಾಸಿ’. ಅತಿಗೆಂಪು ಕಿರಣಗಳ ಪರೀಕ್ಷೆಯಲ್ಲಿ ಬಣ್ಣದಡಿಯ ಹಾಯಿಹಡಗುಗಳು ಕಾಣಿಸಿದವು. ಫ್ರೀಡ್ರಿಖ್ ಮೊದಲು ಅವುಗಳನ್ನು ಬರೆದು, ಆಮೇಲೆ ಮುಚ್ಚಿಬಿಟ್ಟಿದ್ದ. ಅವು ಉಳಿದಿದ್ದರೆ ಕಣ್ಣಿಗೆ ದೂರವನ್ನು ಅಳೆಯುವ ಆಧಾರ ಸಿಗುತ್ತಿತ್ತು, ಸನ್ಯಾಸಿಗೆ ಮನುಷ್ಯಲೋಕದ ಆಸರೆ ಇರುತ್ತಿತ್ತು. ಅವು ಹೋದಮೇಲೆ ಉಳಿದದ್ದು ಅಳತೆಗೆ ಸಿಗದ ಬಯಲು. ಹಡಗು ಬರಿಯ ಸಂಕೇತವಾಗಿದ್ದರೆ ಅದನ್ನು ತೆಗೆದಾಗ ಅರ್ಥ ಕುಗ್ಗಬೇಕಿತ್ತು. ಇಲ್ಲಿ ಅದು ಹಿಗ್ಗಿದೆ.

ಫ್ರೀಡ್ರಿಖ್ ತಾನೇ ಸಂಕೇತವಾದಿಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಟ್ಟದ ಮೇಲಿನ ಶಿಲುಬೆಯ ಚಿತ್ರವನ್ನು ರಾಮ್‌ಡೋರ್ ಎಂಬ ವಿಮರ್ಶಕ ಖಂಡಿಸಿದಾಗ, ಬಂಡೆ ಅಚಲ ನಂಬಿಕೆ, ನಿತ್ಯಹಸಿರಿನ ಮರಗಳು ಭರವಸೆ ಎಂದು ಆತ ವಿವರಿಸಿದ್ದುಂಟು. ಆದರೆ ಅದು ದಾಳಿಗೆ ಕೊಟ್ಟ ಸಮಜಾಯಿಷಿ, ಆತನ ಚಿತ್ರಗಳಿಗೆಲ್ಲ ನಿಘಂಟಲ್ಲ. ಮೇಲಾಗಿ, ಅಚಲತೆಯನ್ನು ನಾವು ಅನುಭವಿಸುವುದು ಬಂಡೆಗೆ ಆತ ಕೊಟ್ಟ ತೂಕದಿಂದ, ನಿಲುವಿನಿಂದ. ಹಡಗಿಗೂ ಇದೇ ಮಾತು ಸಲ್ಲುತ್ತದೆ. ಸಂಕೇತವನ್ನು ಅಲ್ಲಗಳೆಯಬೇಕಿಲ್ಲ, ಅದಕ್ಕೆ ಬಲ ಕೊಟ್ಟ ರಚನೆಯನ್ನು ಮೊದಲು ನೋಡಬೇಕು. ಹಾಗೆ ನೋಡದ ವಿಮರ್ಶೆ ಚಿತ್ರದ ಹೆಸರನ್ನಷ್ಟೇ ಓದುತ್ತದೆ.