ಕತೆಯನ್ನು ಎಲ್ಲಿಗೆ ನಿಲ್ಲಿಸುತ್ತೀರಿ?: ಅಮೆರಿಕದ ಮೊದಲ ಚರಿತ್ರೆಯ ಒಂದು ಮರುಓದು

ಕತೆ ಬರೆಯುವವರು ಎರಡು ವಿಷಯಗಳನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಕತೆ ಎಲ್ಲಿಂದ ಶುರುವಾಗಬೇಕು ಮತ್ತು ಎಲ್ಲಿಗೆ ಮುಗಿಯಬೇಕು. ಚರಿತ್ರೆ ಬರೆಯುವವರೂ ಇದನ್ನೇ ಮಾಡುತ್ತಾರೆ, ಆದರೆ ಹೇಳಿಕೊಳ್ಳುವುದಿಲ್ಲ. ಅಮೆರಿಕದ ಆರಂಭಿಕ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ಈ ಮಾತು ನೆನಪಾಗುತ್ತದೆ. ವಲಸೆಗಾರರು ಬಂದಿಳಿದ ದಿನದಿಂದ 1877ರವರೆಗಿನ ಕಾಲವನ್ನು ಅಲ್ಲಿನ ಕಾಲೇಜುಗಳಲ್ಲಿ ಒಂದೇ ಪಾಠವಾಗಿ ಕಲಿಸುವುದು ವಾಡಿಕೆ. ನಮ್ಮಲ್ಲಿ ಬಹುತೇಕರಿಗೆ ಗೊತ್ತಿರುವುದು ಇನ್ನೂ ಚಿಕ್ಕ ಕತೆ. ಧರ್ಮಸ್ವಾತಂತ್ರ್ಯ ಅರಸಿ ಬಂದ ಸಜ್ಜನರು ಹಡಗಿನಿಂದ ಇಳಿದರು, ವಾಷಿಂಗ್ಟನ್ ಬ್ರಿಟಿಷರನ್ನು ಸೋಲಿಸಿದ, ಲಿಂಕನ್ ಗುಲಾಮರನ್ನು ಬಿಡಿಸಿದ. ಅಲ್ಲಿಗೆ ಶುಭಂ.

ಈ ಚಿಕ್ಕ ಕತೆ ಸುಳ್ಳೆಂದು ನಾವು ಹೇಳುವುದಿಲ್ಲ. ಅದರ ತುದಿ ಮೊದಲುಗಳನ್ನು ಕತ್ತರಿಸಿದವರು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲಿನಿಂದಲೇ ನೋಡೋಣ. ಮೇಫ್ಲವರ್ ಹಡಗು ಪ್ಲಿಮತ್‌ಗೆ ಬಂದದ್ದು 1620ರಲ್ಲಿ. ಅದಕ್ಕೆ ಹದಿಮೂರು ವರ್ಷ ಮೊದಲೇ, 1607ರಲ್ಲಿ, ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಒಂದು ವ್ಯಾಪಾರಿ ಕಂಪೆನಿಯ ಜನ ಬೀಡುಬಿಟ್ಟಿದ್ದರು. ಅವರು ಹುಡುಕಿದ್ದು ಚಿನ್ನವನ್ನು, ಕೈಹಿಡಿದದ್ದು ಹೊಗೆಸೊಪ್ಪು. 1619ರ ಜುಲೈ ಕೊನೆಯಲ್ಲಿ ಇದೇ ಜೇಮ್ಸ್‌ಟೌನ್‌ನಲ್ಲಿ ವಲಸೆಗಾರರ ಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಕೆಲವೇ ವಾರಗಳ ನಂತರ, ಆಗಸ್ಟ್ ಕೊನೆಗೆ, ಅಲ್ಲಿಗೆ ಸಮೀಪದ ಕರಾವಳಿಗೆ ಬಂದ ಹಡಗೊಂದು ಇಪ್ಪತ್ತಕ್ಕಿಂತ ತುಸು ಹೆಚ್ಚು ಆಫ್ರಿಕನ್ನರನ್ನು ಮಾರಿಹೋಯಿತು. ಶಾಸನಸಭೆಯೂ ಗುಲಾಮಗಿರಿಯೂ ಒಂದೇ ಬೇಸಿಗೆಯಲ್ಲಿ ಒಂದೇ ಕಾಲನಿಗೆ ಕಾಲಿಟ್ಟವು. ಕತೆಯನ್ನು 1620ರಿಂದ ಶುರುಮಾಡಿದರೆ ಈ ಸಂಗತಿ ಕಣ್ಣಿಗೇ ಬೀಳುವುದಿಲ್ಲ.

ಮುಂದೆ ಆ ಸಭೆ ಮಾಡಿದ ಕಾನೂನುಗಳನ್ನು ಓದಬೇಕು. ಇಂಗ್ಲಿಷ್ ಪದ್ಧತಿಯಲ್ಲಿ ಮಗುವಿಗೆ ತಂದೆಯ ಸ್ಥಾನಮಾನ ಸಿಗುತ್ತಿತ್ತು. 1662ರಲ್ಲಿ ವರ್ಜೀನಿಯಾ ಇದನ್ನು ತಿರುವಿಹಾಕಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಇದರಿಂದ ಒಡೆಯನಿಗೆ ತನ್ನ ಕಾಮವೂ ಲಾಭದ ಲೆಕ್ಕಕ್ಕೆ ಸೇರಿತು. ತನಗೆ ಹುಟ್ಟಿದ ಮಗುವನ್ನೇ ಅವನು ಮಾರಬಹುದಾಯಿತು. 1667ರಲ್ಲಿ ಇನ್ನೊಂದು ಕಾನೂನು ಬಂತು. ಗುಲಾಮ ಕ್ರೈಸ್ತನಾದರೂ ಬಿಡುಗಡೆ ಇಲ್ಲ ಎಂದು ಅದು ಸಾರಿತು. ಧರ್ಮದ ಹೆಸರು ಹೇಳಿಕೊಂಡು ಬಂದವರು ದೀಕ್ಷೆಗಿಂತ ಆಸ್ತಿ ದೊಡ್ಡದೆಂದು ಬರವಣಿಗೆಯಲ್ಲೇ ಒಪ್ಪಿಕೊಂಡರು. ಇಂಥ ಎರಡು ಕಾನೂನುಗಳು ಹೇಳುವಷ್ಟನ್ನು ಎಷ್ಟೋ ಗ್ರಂಥಗಳು ಹೇಳಲಾರವು.

ಸ್ವಾತಂತ್ರ್ಯ ಯುದ್ಧದ ಅಧ್ಯಾಯಕ್ಕೆ ನಮ್ಮ ನಾಡಿನೊಂದಿಗೂ ನಂಟಿದೆ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ನೀರುಪಾಲಾದ 342 ಪೆಟ್ಟಿಗೆ ಚಹಾ ಈಸ್ಟ್ ಇಂಡಿಯಾ ಕಂಪೆನಿಯದು. ಬಂಗಾಳವನ್ನು ಹಿಂಡಿಯೂ ದಿವಾಳಿಯ ಅಂಚಿಗೆ ಬಂದಿದ್ದ ಕಂಪೆನಿಯನ್ನು ಉಳಿಸಲೆಂದೇ ಆ ವರ್ಷದ ಚಹಾ ಕಾಯ್ದೆ ಬಂದಿತ್ತು. 1782ರಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರು 'ಹೈದರ್ ಅಲಿ'. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಎದುರು ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಪಡೆದ. ಆ ನೌಕೆಗೆ ಹೆಸರಿಟ್ಟವರಿಗೆ ಹೈದರಾಲಿ ತಮ್ಮ ಶತ್ರುವಿನ ಶತ್ರುವಾಗಿದ್ದ, ಅಷ್ಟೇ. ಹೈದರನ ಬಣ್ಣದ ಮನುಷ್ಯನಿಗೆ ಅವರು ಕಟ್ಟಿದ ದೇಶದಲ್ಲಿ ಜಾಗವಿರಲಿಲ್ಲ. ವಲಸೆಬಂದ ಬಿಳಿಯರಿಗೆ ಮಾತ್ರ ಪೌರತ್ವ ಎಂದು 1790ರ ಕಾಯ್ದೆ ಹೇಳಿತು.

1776ರ ಘೋಷಣೆ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಇದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ವಿಮರ್ಶಕನಿಗೆ ಇದಕ್ಕಿಂತ ಮುಖ್ಯವಾದದ್ದು ಆ ಪಠ್ಯದಿಂದ ಹೊಡೆದುಹಾಕಿದ ಭಾಗ. ಗುಲಾಮರ ವ್ಯಾಪಾರಕ್ಕೆ ಇಂಗ್ಲೆಂಡಿನ ದೊರೆಯನ್ನು ದೂಷಿಸುವ ಒಂದು ದೀರ್ಘ ಪರಿಚ್ಛೇದ ಜೆಫರ್ಸನನ ಕರಡಿನಲ್ಲಿತ್ತು. ಸಭೆ ಅದನ್ನು ತೆಗೆದುಹಾಕಿತು. 1787ರ ಸಂವಿಧಾನ ಇನ್ನೂ ಜಾಣತನದ ಪಠ್ಯ. ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಎಣಿಸಿ ಒಡೆಯರ ರಾಜ್ಯಗಳಿಗೆ ಹೆಚ್ಚಿನ ಪ್ರಾತಿನಿಧ್ಯ ಕೊಡಲು ಅದರಲ್ಲಿ ಅವಕಾಶವಿದೆ. ಓಡಿಹೋದವರನ್ನು ಹಿಡಿದು ಮರಳಿಸಬೇಕೆಂಬ ಕಲಮು ಇದೆ. 1808ರವರೆಗೆ ಗುಲಾಮರ ಆಮದನ್ನು ನಿಷೇಧಿಸಕೂಡದೆಂಬ ಕಟ್ಟೂ ಇದೆ. ಆದರೆ 'ಗುಲಾಮ' ಎಂಬ ಪದ ಮಾತ್ರ ಇಡೀ ದಾಖಲೆಯಲ್ಲಿ ಎಲ್ಲೂ ಇಲ್ಲ. 'ಗುಲಾಮಗಿರಿ' ಎಂಬ ಮಾತು ಸಂವಿಧಾನದೊಳಗೆ ಮೊದಲು ಬಂದದ್ದು ಅದನ್ನು ರದ್ದುಪಡಿಸಿದ 1865ರ ಹದಿಮೂರನೇ ತಿದ್ದುಪಡಿಯಲ್ಲಿ. ನಾಚಿಕೆ ಇದ್ದವರು ಮಾತ್ರ ಇಷ್ಟು ಎಚ್ಚರದಿಂದ ಪದ ತಪ್ಪಿಸುತ್ತಾರೆ. ಆ ನಾಚಿಕೆ ಅವರನ್ನು ತಡೆಯಲಿಲ್ಲ. 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ ಹತ್ತಿಯ ಬೆಳೆ ಹಬ್ಬಿದ ಮೇಲೆ 1860ಕ್ಕೆ ನಲವತ್ತು ಲಕ್ಷದ ಹತ್ತಿರ ಬಂದಿತ್ತು.

ಆ ಹತ್ತಿಗೆ ಬೇಕಾದ ನೆಲ ಯಾರದು? ಚೆರೋಕಿ ಜನರ ಉದಾಹರಣೆ ನೋಡಿ. 'ನಾಗರಿಕರಾಗಿ' ಎಂದು ಅವರಿಗೆ ಉಪದೇಶಿಸಲಾಯಿತು. ಸಿಕ್ವೋಯಾ ಎಂಬ ಚೆರೋಕಿ 1821ರ ಹೊತ್ತಿಗೆ ತನ್ನ ಭಾಷೆಗೆ ಲಿಪಿಯನ್ನೇ ಮಾಡಿಕೊಟ್ಟ. 1828ರಲ್ಲಿ ಅವರ ಪತ್ರಿಕೆ ಹೊರಟಿತು. ಅವರು ಸಂವಿಧಾನ ಬರೆದುಕೊಂಡರು, ಕೋರ್ಟಿಗೂ ಹೋದರು. ಅವರ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದೆಂದು 1832ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದರೂ 1838-39ರಲ್ಲಿ ಸೈನಿಕರು ಅವರನ್ನು ಪಶ್ಚಿಮಕ್ಕೆ ಅಟ್ಟಿದರು. ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಅಂದಾಜು. ಇನ್ನೊಂದು ಸತ್ಯವನ್ನೂ ಮರೆಮಾಚಬಾರದು. ಚೆರೋಕಿಗಳಲ್ಲಿ ಉಳ್ಳವರು ತಾವೂ ಕಪ್ಪು ಗುಲಾಮರನ್ನು ಇಟ್ಟುಕೊಂಡಿದ್ದರು. ಆ ಗುಲಾಮರೂ ಅದೇ ದಾರಿಯಲ್ಲಿ ನಡೆದರು. ತುಳಿತಕ್ಕೊಳಗಾದವರೆಲ್ಲ ತಾವಾಗಿಯೇ ಒಂದಾಗುತ್ತಾರೆ ಎಂದು ನಂಬಿರುವವರು ಈ ಪುಟವನ್ನು ಎರಡು ಸಲ ಓದಬೇಕು.

ಈ ಕಾಲದ ಬರಹಗಳಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಹದಿನೈದು ಪುಟದ ಒಂದು ಅರಬಿ ಹಸ್ತಪ್ರತಿ. ಇದನ್ನು ಬರೆದ ಉಮರ್ ಇಬ್ನ್ ಸಯೀದ್ ಇಂದಿನ ಸೆನೆಗಲ್ ಪ್ರದೇಶದವರು. ಅಲ್ಲಿ ವರ್ಷಗಟ್ಟಲೆ ವಿದ್ಯಾಭ್ಯಾಸ ಮಾಡಿದ್ದ ಅವರನ್ನು 1807ರಲ್ಲಿ ಸೆರೆಹಿಡಿದು ಚಾರ್ಲ್ಸ್‌ಟನ್‌ಗೆ ತಂದು ಮಾರಲಾಯಿತು. ಕ್ರೂರಿಯಾದ ಒಡೆಯನಿಂದ ತಪ್ಪಿಸಿಕೊಂಡು ಉತ್ತರ ಕೆರೊಲಿನಾದಲ್ಲಿ ಸಿಕ್ಕಿಬಿದ್ದಾಗ ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆದರಂತೆ. ಅದೇ ಅವರ ಪ್ರಸಿದ್ಧಿಗೆ ಕಾರಣವಾಯಿತು. 1831ರಲ್ಲಿ ಅವರು ತಮ್ಮ ಜೀವನದ ಕತೆ ಬರೆದರು. ಅದರಲ್ಲಿ ಹೊಸ ಒಡೆಯನ ಹೊಗಳಿಕೆ ಇದೆ, ಅರಬಿ ಮರೆತುಹೋಗುತ್ತಿದೆ ಎಂಬ ಅಳುಕೂ ಇದೆ. ಆದರೆ ತಮ್ಮ ಕತೆಗೆ ಬರುವ ಮೊದಲು ಅವರು ನೆನಪಿನಿಂದ ಬರೆದದ್ದು ಕುರ್‌ಆನಿನ 'ಸೂರಾ ಅಲ್ ಮುಲ್ಕ್'. ಎಲ್ಲ ಒಡೆತನವೂ ಅಲ್ಲಾಹನದು ಎಂಬುದು ಆ ಅಧ್ಯಾಯದ ತಿರುಳು. ಮುಲ್ಕ್, ಮಿಲ್ಕಿಯತ್, ಮಾಲಿಕ್ ಇವೆಲ್ಲ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಕನ್ನಡದ 'ಮಾಲೀಕ'ನೂ ಅಲ್ಲಿಂದಲೇ ಬಂದವನು. ಒಬ್ಬ ಮಾಲೀಕನ ಆಸ್ತಿಯಾಗಿದ್ದ ಮನುಷ್ಯ, ಆ ಮಾಲೀಕನಿಗೆ ಓದಲು ಬಾರದ ಲಿಪಿಯಲ್ಲಿ, ಮಾಲೀಕತ್ವ ಯಾರದು ಎಂಬಲ್ಲಿಂದ ತನ್ನ ಕತೆ ಆರಂಭಿಸಿದ. ಹೊಗಳಿಕೆಯ ಸಾಲುಗಳನ್ನು ಇದರ ಜೊತೆಗಿಟ್ಟು ಓದಬೇಕೆಂದು ವಿದ್ವಾಂಸರು ಹೇಳಿರುವುದು ಸರಿಯಾಗಿದೆ.

ಉಮರ್ ಕ್ರೈಸ್ತ ದೀಕ್ಷೆ ಪಡೆದಿದ್ದರು. ಕೊನೆಗೆ ಅವರ ಮನಸ್ಸು ಯಾವ ಧರ್ಮದಲ್ಲಿತ್ತು ಎಂಬ ವಾದ ಇಂದಿಗೂ ನಡೆದಿದೆ. ನಮಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ಬೇರೆ ದಾರಿ ಇಲ್ಲದವನ ಹೃದಯವನ್ನು ಅಳೆಯುವುದು ನಮ್ಮ ಕೆಲಸವಲ್ಲ. 1864ರಲ್ಲಿ ಅವರು ಗುಲಾಮರಾಗಿಯೇ ತೀರಿಕೊಂಡರು. ಆ ಹಸ್ತಪ್ರತಿ 2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಅವರ ಬದುಕನ್ನು ಆಧರಿಸಿದ 'ಉಮರ್' ಎಂಬ ಸಂಗೀತ ನಾಟಕಕ್ಕೆ 2023ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅದೇ ಉತ್ತರ ಕೆರೊಲಿನಾದ ಹ್ಯಾರಿಯೆಟ್ ಜೇಕಬ್ಸ್ ಒಡೆಯನ ಕಾಟ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಅಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಕಿಂಡಿಯಲ್ಲಿ, ಸುಮಾರು ಏಳು ವರ್ಷ ಅಡಗಿದ್ದಳು. 1861ರಲ್ಲಿ ಬೇರೆ ಹೆಸರಿನಲ್ಲಿ ಅವಳ ಆತ್ಮಕಥೆ ಬಂತು. ಅದನ್ನು ಬಿಳಿಯ ಹೆಂಗಸೊಬ್ಬಳು ಬರೆದ ಕಾದಂಬರಿಯೆಂದು ವಿದ್ವಾಂಸರು ಬಹುಕಾಲ ಬದಿಗಿಟ್ಟರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಕಾಗದಪತ್ರಗಳ ಆಧಾರದಿಂದ ಅದು ಜೇಕಬ್ಸ್‌ಳದೇ ಬರಹವೆಂದು ಸ್ಥಾಪಿಸಿದರು. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯನ್ನು ಜಗತ್ತು ನಿಜವೆಂದು ನಂಬಿತು. ಅನುಭವಿಸಿದವಳ ನಿಜವನ್ನು ಕಾದಂಬರಿ ಎಂದಿತು. ಯಾರ ಮಾತಿಗೆ ಸಾಕ್ಷಿ ಬೇಕು, ಯಾರ ಮಾತಿಗೆ ಬೇಡ ಎಂಬುದು ಇಲ್ಲೇ ತಿಳಿಯುತ್ತದೆ.

ಇನ್ನು ಮುಕ್ತಾಯದ ವಿಷಯ. ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪರ ಹೋರಾಡಿದರು. ಹಾಗಾಗಿ ಬಿಡುಗಡೆಯನ್ನು ಲಿಂಕನ್‌ನ ದಾನವೆನ್ನುವುದು ಅರ್ಧ ಸತ್ಯ. ನಂತರದ ಹನ್ನೆರಡು ವರ್ಷಗಳಿಗೆ ಪುನರ್ನಿರ್ಮಾಣ ಕಾಲವೆಂದು ಹೆಸರು. 1868ರ ತಿದ್ದುಪಡಿ ಪೌರತ್ವ ಕೊಟ್ಟಿತು, 1870ರದ್ದು ಗಂಡಸರಿಗೆ ಮತದಾನದ ಹಕ್ಕು ಕೊಟ್ಟಿತು. 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್ಟಿಗೆ ಹೋದರು. ಯುದ್ಧಕಾಲದಲ್ಲಿ ದಕ್ಷಿಣದವರ ಹಡಗನ್ನೇ ಹಾರಿಸಿಕೊಂಡು ಬಂದಿದ್ದ ಗುಲಾಮ ರಾಬರ್ಟ್ ಸ್ಮಾಲ್ಸ್ ಮುಂದೆ ಸಂಸತ್ ಸದಸ್ಯರಾದರು. ದಕ್ಷಿಣದಲ್ಲಿ ಸಾರ್ವಜನಿಕ ಶಾಲೆಗಳ ವ್ಯವಸ್ಥೆಯನ್ನು ಕಟ್ಟಿದ್ದು ಈ ಸರಕಾರಗಳೇ. ಅದರ ಫಲ ಬಡ ಬಿಳಿಯರ ಮಕ್ಕಳಿಗೂ ಸಿಕ್ಕಿತು. ಆದರೆ ಭೂಮಿ ಸಿಗಲಿಲ್ಲ. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಹಂಚಲು ಹೇಳಿದ್ದ ನೆಲವನ್ನು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಹಳೆಯ ಒಡೆಯರಿಗೆ ಮರಳಿಸಿದ. ಹೊಲವಿಲ್ಲದವನ ಮತ ಎಷ್ಟು ದಿನ ಉಳಿದೀತು?

1873ರಲ್ಲಿ ಪುಣೆಯ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಗುಲಾಮರನ್ನು ಬಿಡಿಸಿದ ಅಮೆರಿಕದ ಜನತೆಗೆ ಅರ್ಪಿಸಿದರು. ಅದೇ ವರ್ಷದ ಏಪ್ರಿಲ್ 13ರಂದು ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಕಚೇರಿ ಕಾಯುತ್ತಿದ್ದ ಹತ್ತಾರು ಕಪ್ಪು ಜನರನ್ನು ಕೊಲ್ಲಲಾಯಿತು. ಅವರಲ್ಲಿ ಅನೇಕರು ಶರಣಾದ ಮೇಲೆ ಸತ್ತವರು. ಹದಿನಾಲ್ಕನೇ ತಿದ್ದುಪಡಿ ರಾಜ್ಯ ಸರಕಾರಗಳಿಗೆ ಅನ್ವಯವೇ ಹೊರತು ಖಾಸಗಿ ವ್ಯಕ್ತಿಗಳಿಗಲ್ಲ ಎಂದು 1876ರಲ್ಲಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಪಾರುಮಾಡಿತು. ಫುಲೆಯವರ ಭರವಸೆ ತಪ್ಪಾಗಿತ್ತೆಂದು ನಾವು ಹೇಳುವುದಿಲ್ಲ. ಅವರು ಕಂಡದ್ದು ನಿಜವಾಗಿ ನಡೆದಿತ್ತು. ಅದನ್ನು ಕೆಡವುವ ಕೆಲಸವೂ ಅದೇ ಹೊತ್ತಿಗೆ ನಡೆದಿತ್ತು. 1877ರಲ್ಲಿ ಅಧ್ಯಕ್ಷ ಪದವಿಯ ಚೌಕಾಶಿಯ ನಡುವೆ ದಕ್ಷಿಣದ ಸರಕಾರಗಳಿಗಿದ್ದ ಸೈನ್ಯದ ಕಾವಲು ಹೋಯಿತು. ಮುಂದೆ ಮತದಾನಕ್ಕೆ ತೆರಿಗೆ ಬಂತು, ಓದುಬರಹದ ಪರೀಕ್ಷೆ ಬಂತು. ಲೂಸಿಯಾನಾದಲ್ಲಿ 1896ರಲ್ಲಿ 1,30,334 ಇದ್ದ ಕಪ್ಪು ಮತದಾರರ ಸಂಖ್ಯೆ 1904ರಲ್ಲಿ 1,342ಕ್ಕೆ ಇಳಿಯಿತು. ಸಂವಿಧಾನದ ಒಂದು ಅಕ್ಷರವನ್ನೂ ಯಾರೂ ಅಳಿಸಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಪಟ್ಟಿಯಿಂದ ಹೆಸರುಗಳನ್ನು ಅಳಿಸಿದರೆ ಸಾಕಾಯಿತು.

ಈ ದ್ರೋಹಕ್ಕೆ ಪಾಂಡಿತ್ಯದ ಮುದ್ರೆಯೂ ಬಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರು ಪುನರ್ನಿರ್ಮಾಣವನ್ನು ಅಯೋಗ್ಯರ ಆಳ್ವಿಕೆ ಎಂದು ಬರೆದರು. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್‌ನ 'ದ ಬರ್ತ್ ಆಫ್ ಎ ನೇಷನ್' ಸಿನಿಮಾ ಮುಖವಾಡದ ಕೊಲೆಗಾರರನ್ನು ವೀರರಾಗಿಸಿತು. ಅದನ್ನು ಶ್ವೇತಭವನದಲ್ಲೂ ತೋರಿಸಲಾಯಿತು. ಕೋಲ್‌ಫ್ಯಾಕ್ಸ್‌ನಲ್ಲಿ ಆ ಹತ್ಯೆಯನ್ನು 'ದಂಗೆ' ಎಂದು ಕರೆದು, ಕೆಟ್ಟ ಆಡಳಿತದ ಅಂತ್ಯವೆಂದು ಹೊಗಳಿದ ಸರಕಾರಿ ಫಲಕ 2021ರವರೆಗೂ ನಿಂತಿತ್ತು.

ಇದಕ್ಕೆಲ್ಲ ಉತ್ತರವಾಗಿ 1935ರಲ್ಲಿ ಬಂದದ್ದು ಡು ಬಾಯ್ಸ್ ಅವರ 'ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್'. ಚರಿತ್ರೆಯ ಕೇಂದ್ರಕ್ಕೆ ಅವರು ಕಪ್ಪು ದುಡಿಮೆಗಾರನನ್ನು ತಂದರು. ಇತಿಹಾಸಕಾರರ ಮುಖ್ಯ ಪತ್ರಿಕೆ ಆಗ ಅದನ್ನು ವಿಮರ್ಶೆಗೂ ಎತ್ತಿಕೊಳ್ಳಲಿಲ್ಲ. ಪುಸ್ತಕದಲ್ಲಿ ಕೊರತೆಗಳಿವೆ. ಗುಲಾಮರು ತೋಟ ಬಿಟ್ಟು ಓಡಿದ್ದನ್ನು ಸಾರ್ವತ್ರಿಕ ಮುಷ್ಕರ ಎಂದದ್ದು ಎಳೆದಾಡಿದ ಹೋಲಿಕೆ ಎನಿಸುತ್ತದೆ, ಹೆಂಗಸರ ದನಿ ಅದರಲ್ಲಿ ಕಡಿಮೆ. ಆದರೂ 1988ರಲ್ಲಿ ಎರಿಕ್ ಫೋನರ್ ಬರೆದ ದೊಡ್ಡ ಗ್ರಂಥ ನಿಂತಿರುವುದು ಡು ಬಾಯ್ಸ್ ಹಾಕಿದ ಅಡಿಪಾಯದ ಮೇಲೆ. 2019ರಲ್ಲಿ ಒಂದು ಪ್ರಮುಖ ದಿನಪತ್ರಿಕೆ '1619 ಪ್ರಾಜೆಕ್ಟ್' ಹೆಸರಿನಲ್ಲಿ ಕತೆಯ ಆರಂಭವನ್ನೇ ಬದಲಿಸಲು ಹೊರಟಿತು. ವಲಸೆಗಾರರು ಸ್ವಾತಂತ್ರ್ಯ ಕೇಳಲು ಗುಲಾಮಗಿರಿ ಉಳಿಸಿಕೊಳ್ಳುವ ಆಸೆ ಒಂದು ಮುಖ್ಯ ಕಾರಣವೆಂಬ ಅದರ ಮಾತನ್ನು ಇತಿಹಾಸಕಾರರು ಪ್ರಶ್ನಿಸಿದಾಗ 2020ರಲ್ಲಿ 'ವಲಸೆಗಾರರಲ್ಲಿ ಕೆಲವರು' ಎಂದು ತಿದ್ದಬೇಕಾಯಿತು. ನ್ಯಾಯದ ಪರ ಬರೆಯುವವರು ಆಧಾರದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು. ಅವರ ಒಂದು ತಪ್ಪು ಎದುರಾಳಿಗೆ ನೂರು ಪುಟಗಳ ಉತ್ತರವಾಗುತ್ತದೆ.

ಇಷ್ಟಾದ ಮೇಲೆ ಕತೆಯನ್ನು ಎಲ್ಲಿಗೆ ನಿಲ್ಲಿಸುವುದು? 1865ಕ್ಕೆ ನಿಲ್ಲಿಸಿದರೆ ಅದು ಬಿಡುಗಡೆಯ ಕತೆ. 1877ಕ್ಕೆ ನಿಲ್ಲಿಸಿದರೆ ಸೋಲಿನ ಕತೆ. ಎರಡೂ ಓದುಗನನ್ನು ಸುಮ್ಮನಿರಿಸುತ್ತವೆ. ನಮ್ಮ ಪ್ರಕಾರ ಈ ಚರಿತ್ರೆಯ ಬೆನ್ನೆಲುಬು ಆ ನಡುವಿನ ಹನ್ನೆರಡು ವರ್ಷಗಳು. ಆ ಕಾಲದಲ್ಲಿ ಬರೆದ ತಿದ್ದುಪಡಿಗಳನ್ನು ಹಿಡಿದುಕೊಂಡೇ ಶಾಲೆಗಳಲ್ಲಿನ ಬಣ್ಣಭೇದದ ವಿರುದ್ಧ 1954ರಲ್ಲಿ ಕೋರ್ಟಿನಲ್ಲಿ ಗೆಲುವು ಸಿಕ್ಕಿತು. ಮತದಾನದ ಹಕ್ಕನ್ನು ನಿಜಮಾಡಲು ಬಂದ 1965ರ ಕಾಯ್ದೆ ನಿಂತದ್ದೂ ಅವುಗಳ ಮೇಲೆಯೇ. ಕಾಗದದ ಮೇಲಿನ ಹಕ್ಕು ತಾನಾಗಿ ಯಾರನ್ನೂ ಕಾಯಲಿಲ್ಲ. ಆದರೆ ಅದು ಕಾಗದದ ಮೇಲೆ ಉಳಿದಿದ್ದರಿಂದಲೇ ತೊಂಬತ್ತು ವರ್ಷಗಳ ನಂತರ ಕೇಳಲು ಒಂದು ಆಧಾರವಿತ್ತು.